ಗುರುತು ಕೇಳುವವರು, ಗುರುತು ಕೊಡುವವರು

ಅಶೋಕವನದಲ್ಲಿ ಶಿಂಶುಪಾ ವೃಕ್ಷದ ಕೆಳಗೆ ಕುಳಿತಿದ್ದ ಸೀತೆಯ ಎದುರಿಗೆ ಹನುಮಂತನು ಬಂದು ನಿಂತಾಗ ಅವಳ ಮನಸ್ಸಿನಲ್ಲಿ ಮೊದಲು ಹುಟ್ಟಿದ್ದು ಸಂಶಯ. ಅದು ಸಹಜವೇ ಆಗಿತ್ತು. ಭಿಕ್ಷೆಗೆಂದು ಬಂದ ಸಂನ್ಯಾಸಿಯ ವೇಷವನ್ನು ನಂಬಿ ಒಮ್ಮೆ ಮೋಸಹೋದವಳು ಅವಳು. ಈ ಕಪಿಯೂ ರಾವಣನ ಇನ್ನೊಂದು ವೇಷವೇ ಏಕಾಗಿರಬಾರದು? ಹನುಮಂತನು ಆ ಸಂಶಯಕ್ಕೆ ಬೇಸರಪಡಲಿಲ್ಲ. ತಾನು ಯಾರು, ಯಾರ ಕಡೆಯಿಂದ ಬಂದವನು ಎಂಬುದನ್ನು ಹೇಳಿದ. ರಾಮನ ರೂಪಲಕ್ಷಣಗಳನ್ನು ವರ್ಣಿಸಿದ. ಕೊನೆಗೆ ರಾಮನ ಹೆಸರಿದ್ದ ಮುದ್ರೆಯುಂಗುರವನ್ನು ಅವಳ ಕೈಯಲ್ಲಿಟ್ಟ. ಆಮೇಲೆ ಸರದಿ ಸೀತೆಯದು. ದೂತನು ನಿಜವಾಗಿಯೂ ತನ್ನನ್ನು ಕಂಡು ಬಂದನೆಂದು ರಾಮನಿಗೂ ಖಾತ್ರಿಯಾಗಬೇಡವೆ? ಅವಳು ಚೂಡಾಮಣಿಯನ್ನು ಬಿಚ್ಚಿ ಕೊಟ್ಟಳು. ಅಷ್ಟು ಸಾಲದೆಂದು, ಚಿತ್ರಕೂಟದಲ್ಲಿ ನಡೆದಿದ್ದ ಕಾಗೆಯ ಪ್ರಸಂಗವನ್ನು, ಗಂಡಹೆಂಡಿರಿಬ್ಬರ ನಡುವೆ ಉಳಿದಿದ್ದ ಆ ನೆನಪನ್ನು, ಗುರುತಾಗಿ ಹೇಳಿ ಕಳುಹಿಸಿದಳು.

ಗುರುತಿನ ಪರಿಶೀಲನೆಯನ್ನು ಕುರಿತು ಬರೆಯುವ ಗಣಕಶಾಸ್ತ್ರಜ್ಞರು ಇಂದು ಮೂರು ಬಗೆಯ ಸಾಕ್ಷ್ಯಗಳನ್ನು ಎಣಿಸುತ್ತಾರೆ: ಒಬ್ಬನ ಬಳಿಯಲ್ಲಿರುವ ವಸ್ತು, ಅವನಿಗೆ ಮಾತ್ರ ತಿಳಿದಿರುವ ಗುಟ್ಟು, ಅವನ ದೇಹದ ಲಕ್ಷಣ. ಉಂಗುರವೂ ಚೂಡಾಮಣಿಯೂ ಮೊದಲನೆಯ ಬಗೆ. ಕಾಗೆಯ ಕಥೆ ಎರಡನೆಯದು. ಬ್ಯಾಂಕಿನವರು ನಮ್ಮ ಮೊಬೈಲಿಗೆ ಕಳುಹಿಸುವ ಆರಂಕಿಯ ಓಟಿಪಿ ಎಂಬುದು ಆ ಮುದ್ರೆಯುಂಗುರದ ದೂರದ ಸಂಬಂಧಿ. ಇಂಥ ಸಂಖ್ಯೆಯ ದೂರವಾಣಿ ನಮ್ಮ ಕೈಯಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ. ಪಾಸ್‌ವರ್ಡ್ ಎಂಬುದು ಗುಟ್ಟು. ಬೆರಳಚ್ಚು, ಕಣ್ಣಿನ ಪಾಪೆ, ಮುಖಚರ್ಯೆ ಇವು ದೇಹದ ಲಕ್ಷಣಗಳು. ಹೀಗೆ ನೋಡಿದರೆ ವಿಷಯ ಹೊಸದೇನೂ ಅಲ್ಲ.

ಆದರೆ ಆ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ಮತ್ತೊಂದು ಸಂಗತಿ. ಅಲ್ಲಿ ಗುರುತು ಎರಡೂ ಕಡೆಯಿಂದ ನಡೆಯಿತು. ಬಂದವನು ಮೊದಲು ತನ್ನ ಗುರುತನ್ನು ಕೊಟ್ಟ. ಅನಂತರ ಎದುರಿನವರ ಗುರುತನ್ನು ಪಡೆದ. ಕೊಟ್ಟದ್ದೂ ಪಡೆದದ್ದೂ ಕಾರ್ಯಕ್ಕೆ ಬೇಕಾದಷ್ಟೇ. ಇಂದಿನ ಅಂತರ್ಜಾಲದ ಬಾಳಿನಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಈ ಎರಡು ಮರ್ಯಾದೆಗಳನ್ನು ಎಂದು ನನಗೆ ತೋರುತ್ತದೆ. ಒಂದು, ಕೇಳುವವನೂ ತನ್ನ ಗುರುತನ್ನು ಹೇಳಬೇಕೆಂಬುದು. ಇನ್ನೊಂದು, ಕಾರ್ಯಕ್ಕೆ ಬೇಕಾದುದಕ್ಕಿಂತ ಹೆಚ್ಚು ಕೇಳಬಾರದೆಂಬುದು. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ನಮ್ಮ ಒಂದು ದಿನವನ್ನು ನೋಡೋಣ. ಬೆಳಗ್ಗೆ ಎದ್ದೊಡನೆ ನಮ್ಮದೇ ದೂರವಾಣಿ ನಮ್ಮ ಮುಖವನ್ನು ನೋಡಿ, ಒಡೆಯನು ಹೌದೋ ಅಲ್ಲವೋ ಎಂದು ತೀರ್ಮಾನಿಸುತ್ತದೆ. ಬಾಗಿಲಿಗೆ ಪಾರ್ಸಲ್ ತಂದವನು ನಾಲ್ಕಂಕಿ ಕೇಳುತ್ತಾನೆ. ವಿದ್ಯುತ್ತಿನ ಬಿಲ್ಲು ಕಟ್ಟಲು ಒಂದು ಓಟಿಪಿ, ರೈಲಿನ ಟಿಕೆಟ್ಟಿಗೆ ಇನ್ನೊಂದು, ಆಸ್ಪತ್ರೆಯ ಚೀಟಿಗೆ ಮತ್ತೊಂದು. ಅಂಗಡಿಯಲ್ಲಿ ಎರಡು ಸೋಪು ಕೊಂಡರೆ, ಹಣ ಎಣಿಸಿಕೊಳ್ಳುವ ಮೊದಲೇ, “ಮೊಬೈಲ್ ನಂಬರ್ ಹೇಳಿ ಸಾರ್” ಎನ್ನುವ ದನಿ ಕೇಳಿಬರುತ್ತದೆ. ಸೋಪಿಗೂ ನನ್ನ ದೂರವಾಣಿಗೂ ಏನು ಸಂಬಂಧವೆಂದು ಕೇಳಿದರೆ, “ಸಿಸ್ಟಮ್ ಕೇಳುತ್ತೆ ಸಾರ್” ಎಂಬ ಉತ್ತರ. ಹೀಗೆ ಒತ್ತಾಯಿಸಬಾರದೆಂದು 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳವರಿಗೆ ಸಲಹೆ ನೀಡಬೇಕಾಯಿತು. ಸಲಹೆ ಬಂದಿತು, ದನಿ ಇನ್ನೂ ನಿಂತಿಲ್ಲ.

ಇದರ ವಿನೋದದ ಮುಖವೂ ಒಂದುಂಟು. ಕೆಲವು ಜಾಲತಾಣಗಳನ್ನು ಹೊಕ್ಕರೆ ಯಂತ್ರವೊಂದು ನಮ್ಮನ್ನು, “ನೀವು ಯಂತ್ರವಲ್ಲ ತಾನೆ?” ಎಂದು ವಿಚಾರಿಸುತ್ತದೆ. ಬೀದಿಯ ಚಿತ್ರಗಳನ್ನು ತೋರಿಸಿ, ಬೆಂಕಿ ಆರಿಸುವ ನೀರಿನ ಕೊಳಾಯಿ ಯಾವುದರಲ್ಲಿದೆ, ಗುರುತಿಸಿ ಎನ್ನುತ್ತದೆ. ಅಮೆರಿಕದ ಬೀದಿಯಲ್ಲಿರುವ ಆ ಕೊಳಾಯಿಯನ್ನು ನಮ್ಮ ದಾವಣಗೆರೆಯವರೋ ಶಿರಸಿಯವರೋ ಕಂಡದ್ದುಂಟೆ? ಕಾಣದಿದ್ದರೆ ಅವರು ಮನುಷ್ಯರಲ್ಲವೆ? ಕ್ಯಾಪ್ಚಾ ಎಂಬ ಈ ಪರೀಕ್ಷೆಯನ್ನು ಈ ಶತಮಾನದ ಆರಂಭದಲ್ಲಿ ರೂಪಿಸಿದವರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಲೂಯಿಸ್ ಫಾನ್ ಆನ್ ಒಬ್ಬರು. ಜನರ ಈ ಕ್ಷಣಕ್ಷಣದ ಶ್ರಮ ವ್ಯರ್ಥವಾಗಬಾರದೆಂದು ಅವರು 2007ರಲ್ಲಿ ಅದಕ್ಕೆ ಹೊಸ ರೂಪ ಕೊಟ್ಟರು: ಹಳೆಯ ಪುಸ್ತಕಗಳಲ್ಲೂ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲೂ ಯಂತ್ರ ಓದಲಾರದೆ ಬಿಟ್ಟ ಶಬ್ದಗಳನ್ನೇ ಪರೀಕ್ಷೆಯಾಗಿ ಮುಂದಿಟ್ಟರು. ತಾವು ಮನುಷ್ಯರೆಂದು ಸಾಧಿಸಹೊರಟ ಕೋಟ್ಯಂತರ ಜನ, ತಮಗೆ ತಿಳಿಯದಂತೆಯೇ, ಹಳೆಯ ಪುಟಗಳನ್ನು ಓದಿ ಕೊಟ್ಟರು. ಗುರುತು ಕೇಳುವವನಿಗೆ ಅದರಿಂದ ಬೇರೆಯ ಪ್ರಯೋಜನಗಳೂ ಇರಬಹುದು ಎಂಬುದಕ್ಕೆ ಇದೊಂದು ನಿರಪಾಯಕರವಾದ ಉದಾಹರಣೆ. ಎಲ್ಲ ಉದಾಹರಣೆಗಳೂ ಇಷ್ಟು ನಿರಪಾಯಕರವಲ್ಲ.

ಹಿಂದಿನ ಬಾಳಿನಲ್ಲಿ ಗುರುತು ಕೇಳುತ್ತಿರಲಿಲ್ಲವೆ? ಕೇಳುತ್ತಿದ್ದರು. ಆದರೆ ಅದಕ್ಕೊಂದು ಅಳತೆಯಿತ್ತು. ಬಸ್ಸಿನ ಕಂಡಕ್ಟರು ಟಿಕೆಟ್ಟು ನೋಡುತ್ತಾನೆ, ಹೆಸರು ಕೇಳುವುದಿಲ್ಲ. ಸಿನಿಮಾ ಮಂದಿರದ ಬಾಗಿಲಿನವನು ಚೀಟಿಯನ್ನು ಹರಿದು ಒಳಗೆ ಬಿಡುತ್ತಾನೆ, ಊರು ಕೇಳುವುದಿಲ್ಲ. ಅಂಚೆಯವನಿಗೆ ವಿಳಾಸ ಗೊತ್ತು. ಲಕೋಟೆಯೊಳಗೆ ಏನಿದೆಯೆಂಬುದು ಗೊತ್ತಿಲ್ಲ. ಬ್ಯಾಂಕಿನ ಗುಮಾಸ್ತ ಸಹಿಯನ್ನು ಹೋಲಿಸಿ ನೋಡುತ್ತಾನೆ. ಹಿಂದಿನ ದಿನ ನಾವು ಯಾವ ಪುಸ್ತಕವನ್ನು ಓದಿದೆವೆಂದು ಅವನಿಗೆ ತಿಳಿಯದು. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. “ನೀನು ಯಾರು?” ಎಂಬುದು ಒಂದು. “ಇದನ್ನು ಪಡೆಯಲು ನಿನಗೆ ಹಕ್ಕುಂಟೇ?” ಎಂಬುದು ಇನ್ನೊಂದು. ಟಿಕೆಟ್ಟು ಎರಡನೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮೊದಲನೆಯದನ್ನು ಮುಟ್ಟುವುದೇ ಇಲ್ಲ. ಅಂತರ್ಜಾಲದಲ್ಲಿ ಈ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಎರಡನೆಯದಕ್ಕೆ ಉತ್ತರ ಬೇಕಾದಾಗಲೂ ಮೊದಲನೆಯದನ್ನೇ ಕೇಳುತ್ತಾರೆ. ಅಷ್ಟೇ ಅಲ್ಲ, ಕೇಳಿದ್ದನ್ನು ಮರೆಯುವುದೂ ಇಲ್ಲ. ಕಂಡಕ್ಟರು ಸಂಜೆಯ ಹೊತ್ತಿಗೆ ನಮ್ಮ ಮುಖವನ್ನು ಮರೆಯುತ್ತಾನೆ. ಯಂತ್ರ ಮರೆಯುವುದಿಲ್ಲ.

ಹೆಸರಿಲ್ಲದಿರುವುದೂ ಮನುಷ್ಯನಿಗೆ ಒಮ್ಮೊಮ್ಮೆ ಬೇಕಾಗುತ್ತದೆ ಎಂಬುದನ್ನು ನಮ್ಮ ಪರಂಪರೆ ಚೆನ್ನಾಗಿ ಅರಿತಿತ್ತು. ಪಾಂಡವರು ಒಂದು ವರ್ಷದ ಅಜ್ಞಾತವಾಸಕ್ಕೆ ವಿರಾಟನಗರವನ್ನು ಹೊಗುವ ಮೊದಲು ತಮ್ಮ ಆಯುಧಗಳನ್ನೆಲ್ಲ ಬನ್ನಿಯ ಮರದಲ್ಲಿ ಬಚ್ಚಿಟ್ಟರು. ಗಾಂಡೀವವನ್ನು ಹಿಡಿದವನಿಗೆ ಬೇರೆ ಗುರುತುಚೀಟಿ ಬೇಕೆ? ಆದುದರಿಂದಲೇ ಆ ಗುರುತನ್ನು ಕಳಚಿಡಬೇಕಾಯಿತು. ಕಂಕನೆಂದೂ ವಲಲನೆಂದೂ ಬೃಹನ್ನಳೆಯೆಂದೂ ಸೈರಂಧ್ರಿಯೆಂದೂ ಬಾಳಿದ ಆ ವರ್ಷದಲ್ಲಿ ಅವರು ಯಾರನ್ನೂ ವಂಚಿಸಿ ಲಾಭ ಪಡೆಯಲಿಲ್ಲ, ದುಡಿದು ಉಂಡರು. ಸಂನ್ಯಾಸಿಯ ವೇಷ ತೊಟ್ಟ ರಾವಣನದೂ ವೇಷವೇ, ಇವರದೂ ವೇಷವೇ. ಒಂದು ಬಲಶಾಲಿಯು ಬೇಟೆಗೆಂದು ಹಾಕಿದ್ದು. ಇನ್ನೊಂದು ಬೇಟೆಗೆ ಸಿಕ್ಕಬಾರದವರು ಆಶ್ರಯಕ್ಕೆಂದು ಹಾಕಿದ್ದು. ಅನಾಮಿಕತೆಯನ್ನು ಕುರಿತು ತೀರ್ಪು ಹೇಳುವವರು ಈ ಭೇದವನ್ನು ಮರೆಯಬಾರದು.

ಸಾಹಿತ್ಯದಲ್ಲಂತೂ ಹೆಸರನ್ನು ಮರೆಮಾಡುವುದು ಒಂದು ಸಂಪ್ರದಾಯವೇ ಆಗಿದೆ. ವಚನಕಾರರು ತಮ್ಮ ಹೆಸರಿನ ಸ್ಥಾನದಲ್ಲಿ ಇಷ್ಟದೈವದ ಅಂಕಿತವನ್ನಿಟ್ಟರು. ಅವರಲ್ಲಿ ಕೆಲವರ ಅಂಕಿತ ಉಳಿದಿದೆ, ಹೆಸರು ಉಳಿದಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಹುಡುಗರಿಗೆ ಅಂಗಸಾಧನೆ ಹೇಳಿಕೊಡುತ್ತಿದ್ದವನು; ತಾನು ಬರೆದುದನ್ನು ಯಾರೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಅಚ್ಚಿಗೆ ಕಳುಹಿಸಿದ. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ ಮೇಲೆಯೇ ಮುದ್ದಣನೆಂದರೆ ಯಾರೆಂಬುದು ಲೋಕಕ್ಕೆ ತಿಳಿದದ್ದು. ಬೇಂದ್ರೆಯವರು ಅಂಬಿಕಾತನಯದತ್ತರಾದರು, ಮಾಸ್ತಿಯವರು ಶ್ರೀನಿವಾಸರಾದರು, ಅನಸೂಯಾ ಶಂಕರ್ ಅವರು ತ್ರಿವೇಣಿಯೆಂಬ ಹೆಸರಿನಲ್ಲಿ ಹೆಣ್ಣಿನ ಮನಸ್ಸಿನ ಒಳಗನ್ನು ತೆರೆದಿಟ್ಟರು. ಇಲ್ಲೊಂದು ಸೂಕ್ಷ್ಮವುಂಟು. ಕಾವ್ಯನಾಮ ಎಂಬುದು ಮುಖವಾಡದಂತಲ್ಲ. ಆ ಹೆಸರಿಗೇ ಕೀರ್ತಿ ಬರುತ್ತದೆ, ಅಪಕೀರ್ತಿಯೂ ಬರುತ್ತದೆ. ಅದನ್ನು ಕಾಪಾಡಿಕೊಳ್ಳಬೇಕಾದ ಹೊಣೆಯೂ ಬರುತ್ತದೆ. ಅಂತರ್ಜಾಲದಲ್ಲಿಯೂ ಹತ್ತು ವರ್ಷಗಳ ಕಾಲ ಒಂದೇ ಕಲ್ಪಿತ ನಾಮದಲ್ಲಿ ಸಭ್ಯವಾಗಿ ಬರೆದವರಿದ್ದಾರೆ; ತಮ್ಮ ನಿಜನಾಮವನ್ನೂ ಭಾವಚಿತ್ರವನ್ನೂ ಹಾಕಿಕೊಂಡೇ ಬಾಯಿಗೆ ಬಂದಂತೆ ಬೈಯುವವರೂ ಇದ್ದಾರೆ. ಹೆಸರು ಹಾಕಿದ ಮಾತ್ರಕ್ಕೆ ಸಭ್ಯತೆ ಬರುವುದಾದರೆ ನಮ್ಮ ಶಾಸನಸಭೆಗಳಲ್ಲಿ ಗದ್ದಲವೇ ಇರಬಾರದಾಗಿತ್ತು.

ಈ ಮಾತನ್ನು ಒಂದು ದೇಶವೇ ಪ್ರಯೋಗಮಾಡಿ ನೋಡಿದೆ. ದಕ್ಷಿಣ ಕೊರಿಯಾದಲ್ಲಿ ಅಂತರ್ಜಾಲದ ನಿಂದೆಯನ್ನು ತಡೆಯಬೇಕೆಂದು 2007ರಲ್ಲಿ ಒಂದು ಕಾನೂನು ಜಾರಿಗೆ ಬಂದಿತು. ಬಹುಜನ ಬಳಸುವ ತಾಣಗಳಲ್ಲಿ ಅಭಿಪ್ರಾಯ ಬರೆಯುವ ಮುನ್ನ ನಿಜನಾಮದ ಪರಿಶೀಲನೆ ಆಗಲೇಬೇಕೆಂಬುದು ಅದರ ವಿಧಿ. ಹೀಗಾಗಿ ನಾಗರಿಕರ ವಿವರಗಳು ಕಂಪೆನಿಗಳ ಉಗ್ರಾಣಗಳಲ್ಲಿ ರಾಶಿ ಬಿದ್ದವು. ರಾಶಿ ಇದ್ದಲ್ಲಿಗೆ ಕಳ್ಳ ಬರುತ್ತಾನೆ. 2011ರ ಜುಲೈ ತಿಂಗಳಲ್ಲಿ ಅಂಥ ಒಂದು ಉಗ್ರಾಣಕ್ಕೆ ಕನ್ನ ಬಿದ್ದು ಸುಮಾರು ಮೂರೂವರೆ ಕೋಟಿ ಬಳಕೆದಾರರ ವಿವರಗಳು ಹೊರಗೆ ಹೋದವು. ಆ ದೇಶದ ಜನಸಂಖ್ಯೆಯೇ ಸುಮಾರು ಐದು ಕೋಟಿ. 2012ರ ಆಗಸ್ಟ್ 23ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯವು ಆ ಕಾನೂನನ್ನು ಸರ್ವಾನುಮತದಿಂದ ರದ್ದುಮಾಡಿತು. ನಿಂದೆಯ ಮಾತು ಗಣನೀಯವಾಗಿ ಕಡಮೆಯಾದುದು ಕಾಣಲಿಲ್ಲ, ಬಳಕೆದಾರರು ವಿದೇಶದ ತಾಣಗಳಿಗೆ ಹೊರಟುಹೋದರು, ಮಾತಿನ ಸ್ವಾತಂತ್ರ್ಯಕ್ಕೆ ಮಾತ್ರ ಧಕ್ಕೆಯಾಯಿತು ಎಂಬುದು ನ್ಯಾಯಾಲಯ ಕಂಡ ಅಂಶ. ಐದು ವರ್ಷಗಳ ಪ್ರಯೋಗದ ಫಲ ಇದು.

ಹಾಗೆಂದು ಅನಾಮಿಕತೆಯ ಕೇಡನ್ನು ನಾನು ಲಘುವಾಗಿ ಕಾಣುತ್ತಿಲ್ಲ. ಮರೆಯಲ್ಲಿ ನಿಂತು ಹೆಣ್ಣುಮಕ್ಕಳನ್ನು ಹೆದರಿಸುವವರು, ಸುಳ್ಳು ಸುದ್ದಿಯಿಂದ ಊರಿಗೆ ಬೆಂಕಿ ಹಚ್ಚುವವರು ಇದ್ದಾರೆ. ಈಚಿನ ವರ್ಷಗಳಲ್ಲಿ “ಡಿಜಿಟಲ್ ಅರೆಸ್ಟ್” ಎಂಬ ವಂಚನೆಯೊಂದು ನಮ್ಮ ದೇಶದಲ್ಲಿ ಹಬ್ಬಿದೆ. ಪೊಲೀಸರ ಉಡುಪು ತೊಟ್ಟವನೊಬ್ಬ ವೀಡಿಯೋ ಕರೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ನಿಮ್ಮ ಹೆಸರಿನ ಪಾರ್ಸಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು ಈಗ ಬಂಧನದಲ್ಲಿದ್ದೀರಿ, ಕ್ಯಾಮರಾದ ಮುಂದಿನಿಂದ ಏಳಬೇಡಿ ಎನ್ನುತ್ತಾನೆ. ಓದಿದವರು, ನಿವೃತ್ತ ಅಧಿಕಾರಿಗಳು ಸಹ ದಿನಗಟ್ಟಲೆ ಹೆದರಿ ಕುಳಿತು ಜೀವಮಾನದ ಉಳಿತಾಯವನ್ನು ಕಳೆದುಕೊಂಡಿದ್ದಾರೆ. ಇಂಥ ಬಂಧನವೆಂಬುದು ನಮ್ಮ ಕಾನೂನಿನಲ್ಲೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ತಮ್ಮ ಆಕಾಶವಾಣಿ ಭಾಷಣದಲ್ಲಿ ಜನರಿಗೆ ಹೇಳಬೇಕಾಯಿತು.

ಈ ವಂಚನೆಯ ರಚನೆಯನ್ನು ಸ್ವಲ್ಪ ವಿಚಾರಿಸಿ ನೋಡಿ. ಮೋಸಹೋದವರ ಗುರುತಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಅವರ ಹೆಸರು, ವಿಳಾಸ, ಬ್ಯಾಂಕಿನ ಖಾತೆ ಎಲ್ಲವೂ ಪರಿಶೀಲಿತವೇ. ವಂಚಕನಿಗೂ ಅವು ಎಲ್ಲಿಂದಲೋ ದೊರೆತಿದ್ದವು. ಗುರುತಿಲ್ಲದವನು ಕೇಳುತ್ತಿದ್ದವನು. ನಾಗರಿಕನನ್ನು ದಿನಕ್ಕೆ ಹತ್ತು ಸಲ ಗುರುತು ಕೊಡುವಂತೆ ಪಳಗಿಸಿದ್ದೇವೆ, ಕೇಳುವವನನ್ನು, “ನೀವು ಯಾರು ಸ್ವಾಮಿ?” ಎಂದು ತಿರುಗಿ ವಿಚಾರಿಸುವುದನ್ನು ಅವನಿಗೆ ಕಲಿಸಲಿಲ್ಲ. ಓಟಿಪಿ ಕೇಳಿದೊಡನೆ ಹೇಳುವುದು ವಿನಯವೆಂದು ನಮ್ಮ ಹಿರಿಯರು ತಿಳಿದಿದ್ದಾರೆ. ಅಶೋಕವನದ ಸೀತೆಯ ಸಂಶಯ ಅವಿನಯವಾಗಿರಲಿಲ್ಲ; ಅದು ವಿವೇಕ. ಅಂಥ ಕರೆ ಬಂದಾಗ ಕರೆಯನ್ನು ಅಲ್ಲಿಗೇ ನಿಲ್ಲಿಸಿ, ಮನೆಯವರೊಡನೆ ಒಂದು ಮಾತು ಆಡಿ, 1930 ಎಂಬ ಸಂಖ್ಯೆಗೆ ದೂರು ಕೊಡುವ ಏರ್ಪಾಡು ದೇಶದಲ್ಲೆಲ್ಲ ಉಂಟು ಎಂಬುದನ್ನು ಈ ಸಂದರ್ಭದಲ್ಲಿ ನೆನಪಿಸುತ್ತೇನೆ.

ಕೇಳುವವನು ಬೀದಿಯ ವಂಚಕನಾಗಿರದೆ ಸರಕಾರವೇ ಆದಾಗ ಅಳತೆ ಏನು? ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವರಲ್ಲಿ ಕನ್ನಡ ನಾಡಿನ ಒಬ್ಬ ಹಿರಿಯರನ್ನು ನಾನು ಗೌರವದಿಂದ ನೆನೆಯುತ್ತೇನೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹುಟ್ಟಿದ್ದು 1926ರಲ್ಲಿ. ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆಯನ್ನು ಮೊದಲು ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಸಂಸತ್ತಿನ ಕಾನೂನಿನ ಬೆಂಬಲವಿಲ್ಲದೆಯೇ ಆ ಕಾರ್ಯ ವರ್ಷಗಟ್ಟಲೆ ನಡೆಯಿತು. ಕಾನೂನು ಬಂದದ್ದು 2016ರಲ್ಲಿ. ಕಾನೂನಿಲ್ಲದೆ ಜನರ ಬೆರಳಚ್ಚು ತೆಗೆದುಕೊಳ್ಳುವುದು ಸರಿಯೇ ಎಂದು ಪುಟ್ಟಸ್ವಾಮಿಯವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ. ಖಾಸಗಿತನ ಎಂಬುದು ಮೂಲಭೂತ ಹಕ್ಕೇ ಅಲ್ಲವೆಂದು ಸರಕಾರ ವಾದಿಸಿತು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಆಧಾರವಾಗಿ ತೋರಿಸಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು: ಖಾಸಗಿತನ ಮೂಲಭೂತ ಹಕ್ಕು. ಅದನ್ನು ಮಿತಿಗೊಳಿಸಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣ ಇರಬೇಕು. ನಾನು ಅಳತೆ ಎಂದು ಕರೆದದ್ದು ಈ ಪ್ರಮಾಣವನ್ನೇ.

ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಐವರ ಪೀಠ ನಾಲ್ಕು ಒಂದರ ಬಹುಮತದಿಂದ ಆಧಾರ್ ಕಾನೂನನ್ನು ಎತ್ತಿಹಿಡಿಯಿತು. ಆದರೆ ಬ್ಯಾಂಕಿನ ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯವಾಗಿ ಜೋಡಿಸುವುದು ಸಲ್ಲದೆಂದಿತು. ಖಾಸಗಿ ಕಂಪೆನಿಗಳು ಅದನ್ನು ಕೇಳಲು ಅವಕಾಶ ಕೊಟ್ಟಿದ್ದ ಭಾಗವನ್ನು ತೆಗೆದುಹಾಕಿತು. 2019ರ ತಿದ್ದುಪಡಿ, ಬ್ಯಾಂಕು ದೂರವಾಣಿಗಳಿಗೆ ಜನ ಸ್ವಂತ ಇಚ್ಛೆಯಿಂದ ಕೊಡುವುದಾದರೆ ಕೊಡಬಹುದೆಂದು ಬಾಗಿಲನ್ನು ಮತ್ತೆ ಸ್ವಲ್ಪ ತೆರೆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೇಳಿದ್ದೆಲ್ಲ ಅವರಿಗೆ ದೊರೆಯಲಿಲ್ಲ. ಆದರೆ ಗುರುತು ಕೇಳುವ ಸರಕಾರವೂ ತನ್ನ ಕಾರಣವನ್ನು ಹೇಳಬೇಕೆಂಬ ತತ್ತ್ವ ಅವರ ಹೆಸರಿನೊಡನೆ ನ್ಯಾಯಶಾಸ್ತ್ರದಲ್ಲಿ ನಿಂತಿದೆ.

ಗುರುತಿನ ಮತ್ತೊಂದು ಸಂಕಟವನ್ನು ಕಾಳಿದಾಸ ಬಹಳ ಹಿಂದೆಯೇ ಕಂಡಿದ್ದ. ಶಕುಂತಲೆ ದುಷ್ಯಂತನ ಸಭೆಯಲ್ಲಿ ಮೈಯಾರೆ ನಿಂತಿದ್ದಾಳೆ. ಅವಳ ಮಾತಿದೆ, ಮುಖವಿದೆ, ಗರ್ಭದಲ್ಲಿ ಮಗುವಿದೆ. ಉಂಗುರ ಮಾತ್ರ ನೀರಿನ ಪಾಲಾಗಿದೆ. ಉಂಗುರವಿಲ್ಲದ್ದರಿಂದ ಹೆಂಡತಿಯೇ ಇಲ್ಲವಾದಳು. ಕೊನೆಗೆ ಉಂಗುರ ಸಿಕ್ಕಿದಾಗ ಅದನ್ನು ಕಂಡುಕೊಟ್ಟ ಬಡ ಬೆಸ್ತನನ್ನೇ ಕಳ್ಳನೆಂದು ಹಿಡಿದು ರಕ್ಷಕರು ಬಡಿದರು. ಗುರುತಿನ ಸಾಧನ ಮನುಷ್ಯನಿಗಿಂತ ದೊಡ್ಡದಾದಾಗ ನಡೆಯುವುದು ಹೀಗೆಯೇ.

ನನ್ನ ನೆರೆಯಲ್ಲಿ ಒಬ್ಬ ಅಜ್ಜಿ ಇದ್ದರು. ಜೀವಮಾನವೆಲ್ಲ ಮನೆಮನೆಗಳಲ್ಲಿ ಪಾತ್ರೆ ಬೆಳಗಿ ಬಟ್ಟೆ ಒಗೆದು ಅವರ ಬೆರಳ ತುದಿಯ ಗೆರೆಗಳು ಸವೆದುಹೋಗಿದ್ದವು. ಒಮ್ಮೆ ಅವರೊಡನೆ ನ್ಯಾಯಬೆಲೆ ಅಂಗಡಿಗೆ ಹೋಗಿದ್ದೆ. ಬೆರಳನ್ನು ಯಂತ್ರದ ಮೇಲೆ ಇಟ್ಟರು, ಒರಸಿ ಇಟ್ಟರು, ಬೇರೆ ಬೆರಳನ್ನಿಟ್ಟರು. ಕೆಂಪು ದೀಪವೇ ಹತ್ತುತ್ತಿತ್ತು.

“ಇಪ್ಪತ್ತು ವರ್ಷದಿಂದ ನೀನೇ ಅಕ್ಕಿ ಅಳೆದು ಕೊಡ್ತಾ ಇದ್ದೀಯಲ್ಲಪ್ಪ, ನಾನು ಯಾರೂಂತ ನಿನಗೆ ಗೊತ್ತಿಲ್ವಾ?” ಎಂದರು ಅಜ್ಜಿ.

“ನನಗೆ ಗೊತ್ತು ಅಜ್ಜೀ, ಮಿಷನ್ನಿಗೆ ಗೊತ್ತಾಗ್ತಾ ಇಲ್ಲ” ಎಂದ ಅಂಗಡಿಯಾತ.

ಅವನು ನಿರ್ದಯಿಯಲ್ಲ. ಯಂತ್ರ ಹೂಂ ಎನ್ನದೆ ಕೊಟ್ಟರೆ ಅವನಿಗೆ ಲೆಕ್ಕ ಒಪ್ಪಿಸಲು ಬರುವುದಿಲ್ಲ. ಕೊನೆಗೆ ಅಜ್ಜಿಯ ಮೊಮ್ಮಗ ಬಂದು ಬೆರಳಿಟ್ಟ ಮೇಲೆ ಅಕ್ಕಿ ದೊರೆಯಿತು. ಬೆರಳು ಒಪ್ಪದಿದ್ದರೆ ಓಟಿಪಿಯಿಂದಲೋ ಬೇರೆ ರೀತಿಯಿಂದಲೋ ಕೊಡಬೇಕೆಂಬ ಆದೇಶಗಳು ಇವೆ. ಆದರೆ ಮೊಬೈಲಿಲ್ಲದ, ಮೊಮ್ಮಗನಿಲ್ಲದ ಅಜ್ಜಿಯರು ಆ ಆದೇಶವನ್ನು ಯಾರಿಗೆ ಓದಿ ಹೇಳಬೇಕು? ದುಡಿಮೆಯೇ ಅಳಿಸಿದ ಗುರುತನ್ನು ದುಡಿದವರಿಂದ ಕೇಳುವುದು ನ್ಯಾಯವಾಗಿ ಕಾಣುವುದಿಲ್ಲ.

ಈ ನೋವು ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಬ್ಯಾಂಕಿನ ಖಾತೆ ತೆರೆಯುವಾಗ, ಎದುರಿರುವುದು ಜೀವಂತ ವ್ಯಕ್ತಿಯೇ ಹೊರತು ಭಾವಚಿತ್ರವಲ್ಲ ಎಂದು ತಿಳಿಯಲು, ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಿ ಎಂದು ಹೇಳುವ ಪದ್ಧತಿಯಿದೆ. ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಗಳೊಬ್ಬಳಿಗೆ ಕಣ್ಣು ಮಿಟುಕಿಸುವುದು ಸಾಧ್ಯವಿರಲಿಲ್ಲ. ಅಂಥವರೂ ದೃಷ್ಟಿಹೀನರೂ ತಂದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ನ್ಯಾಯಾಲಯವು ಇಪ್ಪತ್ತು ನಿರ್ದೇಶನಗಳನ್ನು ನೀಡಿತು. ಡಿಜಿಟಲ್ ಸೇವೆಗಳನ್ನು ತಲುಪುವುದು ಬಾಳುವ ಹಕ್ಕಿನ ಭಾಗವೆಂದೂ, ಕಣ್ಣು ಮಿಟುಕಿಸುವುದೊಂದೇ ಜೀವಂತಿಕೆಯ ಸಾಕ್ಷಿಯಾಗಬಾರದೆಂದೂ ಸಾರಿತು. ಗುರುತಿನ ಯಾವ ಬಾಗಿಲಿಗೂ ಪಕ್ಕದಲ್ಲೊಂದು ಕಿರುಬಾಗಿಲು ಇರಲೇಬೇಕು. ಅಲ್ಲಿ ಯಂತ್ರದ ಬದಲು ಮನುಷ್ಯನೊಬ್ಬ ಕುಳಿತಿರಬೇಕು.

ಈಗ ಎದ್ದಿರುವ ಹೊಸ ಪ್ರಶ್ನೆ ಮಕ್ಕಳದು. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ವಯಸ್ಕರಿಗೆ ಮಾತ್ರ ಮೀಸಲಾದ ತಾಣಗಳು ವಯಸ್ಸನ್ನು ಪರಿಶೀಲಿಸಲೇಬೇಕು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರು ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ನಮ್ಮ ದೇಶದ 2023ರ ಕಾನೂನು, ಹದಿನೆಂಟು ತುಂಬದವರ ವಿವರಗಳನ್ನು ಬಳಸುವ ಮೊದಲು ತಂದೆತಾಯಿಯರ ಪರಿಶೀಲಿತ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಗಿದೆ. ಉದ್ದೇಶ ಒಳ್ಳೆಯದು. ಆದರೆ ಮಗು ಯಾರೆಂದು ತಿಳಿಯಬೇಕಾದರೆ ಮಗುವಲ್ಲದವರೂ ತಮ್ಮ ವಯಸ್ಸನ್ನು ಸಾಧಿಸಬೇಕಾಗುತ್ತದೆ. ಅದಕ್ಕಾಗಿ ಗುರುತುಚೀಟಿಯ ಚಿತ್ರಗಳನ್ನು ಕೊಟ್ಟರೆ ಮತ್ತೆ ಉಗ್ರಾಣ, ಮತ್ತೆ ಕನ್ನ. ಡಿಸ್ಕಾರ್ಡ್ ಎಂಬ ಜನಪ್ರಿಯ ತಾಣಕ್ಕೆ ವಯಸ್ಸಿನ ವಿವಾದಗಳನ್ನು ತೀರಿಸಿಕೊಳ್ಳಲು ಬಳಕೆದಾರರು ಕೊಟ್ಟಿದ್ದ ಗುರುತುಚೀಟಿಗಳಲ್ಲಿ ಸುಮಾರು 70,000 ಮಂದಿಯವು ಸೋರಿಹೋಗಿರಬಹುದೆಂದು 2025ರ ಅಕ್ಟೋಬರ್‌ನಲ್ಲಿ ತಿಳಿದುಬಂದಿತು. ಪಾಸ್‌ವರ್ಡ್ ಕಳವಾದರೆ ಬದಲಾಯಿಸಬಹುದು. ಹುಟ್ಟಿದ ದಿನವನ್ನೂ ಬೆರಳನ್ನೂ ಬದಲಾಯಿಸುವುದು ಹೇಗೆ?

ಹಾಗಾದರೆ ಹೆಸರು ಹೇಳದೆ ಹಕ್ಕನ್ನು ಸಾಧಿಸುವ ಉಪಾಯವಿಲ್ಲವೆ? ಇದೆ, ಗಣಿತ ಅದನ್ನು ಕಂಡುಹಿಡಿದಿದೆ. ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ, ಚಾರ್ಲ್ಸ್ ರ‍್ಯಾಕಾಫ್ ಎಂಬ ಮೂವರು 1985ರಲ್ಲಿ ಒಂದು ವಿಚಿತ್ರ ವಿಚಾರವನ್ನು ಮಂಡಿಸಿದರು: ಗುಟ್ಟನ್ನು ಬಿಟ್ಟುಕೊಡದೆಯೇ ಗುಟ್ಟು ತನ್ನಲ್ಲಿ ಇದೆಯೆಂದು ಸಾಧಿಸಬಹುದು. ಕೇಳಲು ಒಗಟಿನಂತಿದೆ, ಒಂದು ಆಟದಿಂದ ತಿಳಿಯುತ್ತದೆ. ಕೆಂಪು ಹಸಿರುಗಳ ಭೇದ ಕಾಣದ ಮಿತ್ರರೊಬ್ಬರ ಕೈಯಲ್ಲಿ ಒಂದೇ ಗಾತ್ರದ ಎರಡು ಗೋಲಿಗಳಿವೆ ಎಂದಿಟ್ಟುಕೊಳ್ಳಿ. ಒಂದು ಕೆಂಪು, ಒಂದು ಹಸಿರು. ಅವರು ಎರಡೂ ಒಂದೇ ಎನ್ನುತ್ತಾರೆ. ನಾನು ಬೇರೆ ಎನ್ನುತ್ತೇನೆ. ಅವರು ಗೋಲಿಗಳನ್ನು ಬೆನ್ನ ಹಿಂದೆ ಒಯ್ದು, ಇಷ್ಟಬಂದರೆ ಅದಲುಬದಲು ಮಾಡಿ, ಇಲ್ಲವೆ ಹಾಗೆಯೇ ತಂದು ತೋರಿಸಲಿ. ಅದಲುಬದಲಾಯಿತೋ ಇಲ್ಲವೋ ನಾನು ಹೇಳುತ್ತೇನೆ. ಗೋಲಿಗಳು ನಿಜವಾಗಿ ಒಂದೇ ಆಗಿದ್ದರೆ ನನ್ನ ಉತ್ತರ ಬರಿಯ ಊಹೆ. ಹತ್ತು ಸಲವೂ ಊಹೆ ಸರಿಯಾಗುವ ಸಂಭವ 1,024ರಲ್ಲಿ ಒಂದು. ಇಪ್ಪತ್ತು ಸಲವೂ ಸರಿಯಾಗುವುದು ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಮೆ. ಕೊನೆಗೆ ಮಿತ್ರರು ಒಪ್ಪಲೇಬೇಕು. ಆದರೂ ಯಾವುದು ಕೆಂಪು, ಯಾವುದು ಹಸಿರು ಎಂಬುದು ಅವರಿಗೆ ತಿಳಿಯಲಿಲ್ಲ! ಇದೇ ತತ್ತ್ವದಿಂದ, ಹುಟ್ಟಿದ ದಿನವನ್ನಾಗಲಿ ಹೆಸರನ್ನಾಗಲಿ ಹೇಳದೆ, “ಹದಿನೆಂಟು ತುಂಬಿದೆ” ಎಂಬ ಒಂದೇ ಸಂಗತಿಯನ್ನು ಸಾಧಿಸುವಂತೆ ಮಾಡಬಹುದು. ಅದು ಬಸ್ಸಿನ ಟಿಕೆಟ್ಟಿನ ಮರ್ಯಾದೆಯನ್ನು ಅಂತರ್ಜಾಲಕ್ಕೆ ತರುವ ದಾರಿ.

ಅಂಥ ಏರ್ಪಾಡು ಎಲ್ಲೆಡೆ ಬರುವವರೆಗೆ ಸುಮ್ಮನಿರಬೇಕಾಗಿಲ್ಲ. ಆಧಾರ್ ಪ್ರತಿ ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮರೆಮಾಚಿದ ಪ್ರತಿಯನ್ನು ಕೊಡಬಹುದು. ನಿಜ ಸಂಖ್ಯೆಯ ಬದಲಿಗೆ ಬಳಸಬಹುದಾದ ಹದಿನಾರು ಅಂಕಿಗಳ ತಾತ್ಕಾಲಿಕ ಸಂಖ್ಯೆಯ ಸೌಲಭ್ಯವೂ 2018ರಿಂದ ಇದೆ. ಮೊಬೈಲ್ ಸಂಖ್ಯೆ ಕೇಳುವ ಅಂಗಡಿಯವನಿಗೆ ನಗುತ್ತಲೇ ಬೇಡವೆನ್ನಬಹುದು. ಕರೆ ಮಾಡಿ ಗುಟ್ಟು ಕೇಳುವವನ ಊರು, ಕಚೇರಿ, ಹೆಸರು ಕೇಳಿಕೊಂಡು, ಆ ಕಚೇರಿಯ ಸಂಖ್ಯೆಯನ್ನು ನಾವೇ ಹುಡುಕಿ ತಿರುಗಿ ಕರೆಯಬಹುದು. ಮನೆಯ ಹಿರಿಯರಿಗೆ ಇದನ್ನು ಕಲಿಸಿಕೊಡುವುದು ಕಿರಿಯರ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ಅವರ ಔಷಧಿಯ ಹೊತ್ತನ್ನು ನೆನಪಿಸುವಷ್ಟೇ ಮುಖ್ಯವಾದ ಕೆಲಸ ಇದು.

ಊರೆಂಬುದು ಚಿಕ್ಕದಾಗಿದ್ದಾಗ ಎಲ್ಲರಿಗೂ ಎಲ್ಲರೂ ಗೊತ್ತಿದ್ದರು. ನಮ್ಮನ್ನು ಬಲ್ಲವರನ್ನು ನಾವೂ ಬಲ್ಲೆವು. ಆದುದರಿಂದ ಆ ಪರಿಚಯದಲ್ಲಿ ಕಿರಿಕಿರಿ ಇದ್ದರೂ ಭಯ ಇರಲಿಲ್ಲ. ನಗರಕ್ಕೆ ಬಂದವರಿಗೆ ಯಾರೂ ಗುರುತಿಸದ ಬೀದಿಯಲ್ಲಿ ನಡೆಯುವ ಹೊಸ ಸುಖವೊಂದು ದೊರೆಯಿತು. ಜಾತಿಯನ್ನೂ ಮನೆತನವನ್ನೂ ಹಿಂದೆ ಬಿಟ್ಟು ಬಂದ ಎಷ್ಟೋ ಜನಕ್ಕೆ ಅದು ಬಿಡುಗಡೆಯೇ ಆಗಿತ್ತು. ಅಂತರ್ಜಾಲದ ಈ ಮೂರನೆಯ ಊರಿನಲ್ಲಿ ನಮ್ಮನ್ನು ಬಲ್ಲವರು ಬಹಳ; ಅವರು ಯಾರೆಂದು ನಾವು ಬಲ್ಲೆವೆಂದು ಹೇಳುವಂತಿಲ್ಲ. ಈ ಊರಿಗೆ ಕಾನೂನನ್ನೂ ನಡವಳಿಕೆಯನ್ನೂ ರೂಪಿಸುವವರು ನಾವೇ ಆಗಿರುವುದರಿಂದ, ಬಾಗಿಲಲ್ಲಿ ನಿಂತು ಹೆಸರು ಕೇಳುವವನು ಮೊದಲು ತನ್ನ ಹೆಸರನ್ನು ಹೇಳಲಿ, ಏಕೆ ಕೇಳುತ್ತಿದ್ದಾನೆಂಬುದನ್ನೂ ಹೇಳಲಿ ಎಂದು ನಾವು ಒತ್ತಾಯಪಡಿಸಬೇಕು. ಬೆರಳು ಸವೆದವರಿಗೆ, ಕಣ್ಣು ಮಿಟುಕಿಸಲಾರದವರಿಗೆ ಆ ಕಿರುಬಾಗಿಲು ತೆರೆದಿರಲಿ ಎಂದೂ ಕೇಳಬೇಕು. ಇವು ಅಸಾಧ್ಯವಾದ ಬೇಡಿಕೆಗಳೇನೂ ಅಲ್ಲ. ಒಳ್ಳೆಯ ಮನೆಗಳಲ್ಲಿ ಬಾಗಿಲು ತಟ್ಟಿದವರು ಇಂದಿಗೂ ನಡೆದುಕೊಳ್ಳುವ ರೀತಿ ಇದೇ.